ಇನಾಗಾಕಿಗೊಂದು ಹಾಡು

ತೊಮೊಹಾರು ಇನಾಗಾಕಿಗೆ ತನ್ನದೆಂಬ ಒಂದು ಹಾಡೇ ಇರಲಿಲ್ಲ.

ಉರಾನೋಹಾಮಾ ಊರಿನ ಫುಟ್‌ಬಾಲ್ ತಂಡದಲ್ಲಿ ಹಾಡಿಲ್ಲದವನೆಂದರೆ ಅವನೊಬ್ಬನೇ. ಗೋಲಿನ ಹಿಂದಿನ ಮೆಟ್ಟಿಲುಗಳ ಮೇಲೆ ನಿಂತು ಡೋಲು ಬಡಿಯುವ ಅಭಿಮಾನಿಗಳ ದಂಡು ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು ಕಟ್ಟಿತ್ತು. ಆತ ಮೈದಾನಕ್ಕಿಳಿದಾಗ, ಏಟು ತಿಂದು ಬಿದ್ದಾಗ, ಬಿದ್ದವನು ಎದ್ದಾಗ ಅದನ್ನು ಹಾಡುತ್ತಿತ್ತು. ಬ್ರೆಜಿಲ್‌ನಿಂದ ಬಂದು ನಾಲ್ಕೇ ಪಂದ್ಯವಾಡಿ, ಮಂಡಿನೋವೆಂದು ವಾಪಸು ವಿಮಾನ ಹತ್ತಿದವನಿಗೂ ಹಾಡಿತ್ತು, ಜೊತೆಗೊಂದು ಕುಣಿತ ಬೇರೆ. ತಂಡದ ಗುರುತಾದ ಹಾರುಮೀನಿನ ವೇಷ ತೊಟ್ಟು ಒಳಗೇ ಬೆವರಿ ಬೇಯುತ್ತಿದ್ದ ಮನುಷ್ಯನಿಗೂ ಹಾಡಿತ್ತು. ಹದಿಮೂರು ವರ್ಷ ಅದೇ ತಂಡದ ಹಿಂಬದಿಯನ್ನು ಕಾದ ತೊಮೊಹಾರುವಿಗೆ ಮಾತ್ರ ಡೋಲಿನ ಮೂರು ಪೆಟ್ಟು, ಆಮೇಲೆ "ಇ-ನಾ-ಗಾ-ಕಿ!" ಎಂಬ ಒಂದು ಕೂಗು. ರೈಲಿನಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳಿದ ಹಾಗೆ. ಅಲ್ಲಿಗೆ ಮುಗಿಯಿತು.

ಹಾಡಿಲ್ಲದಿದ್ದರೇನು, ಊಟ ಸೇರುವುದಿಲ್ಲವೇ ಎನ್ನುವವರು ಇರಬಹುದು. ಅಂಥ ಮಹಾನುಭಾವರು ಒಂದು ವರ್ಷ ಡಿಫೆಂಡರ್ ಆಗಿ ಆಡಿ ನೋಡಲಿ. ಎದುರಾಳಿಯನ್ನು ಎಂಬತ್ತೊಂಬತ್ತು ನಿಮಿಷ ತಡೆದದ್ದನ್ನು ಯಾರೂ ನೋಡುವುದಿಲ್ಲ, ಒಂದು ನಿಮಿಷ ಬಿಟ್ಟದ್ದನ್ನು ಇಡೀ ಊರು ನೋಡಿರುತ್ತದೆ. ಮಾರನೆಯ ದಿನ ಕ್ಷೌರದವನೂ ಕತ್ತರಿ ಹಿಡಿದುಕೊಂಡೇ ಅದರ ಮಾತೆತ್ತುತ್ತಾನೆ.

ತೊಮೊಹಾರು ಹುಟ್ಟಾ ಡಿಫೆಂಡರ್ ಏನಲ್ಲ. ಹಿರೋಷಿಮಾದ ಒಳನಾಡಿನ ಗುಡ್ಡಗಳ ನಡುವಿನ ಊರಿನಲ್ಲಿ ಅವನು ಶಾಲೆಯ ಫಾರ್ವರ್ಡ್ ಆಗಿದ್ದ. ಒಂದು ದಿನ ಆಟದ ಮೇಷ್ಟ್ರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಉದ್ದಕ್ಕಿದ್ದೀಯ, ಹೇಳಿದ ಮಾತು ಕೇಳ್ತೀಯ. ಸದ್ಯಕ್ಕೆ ಹಿಂದೆ ನಿಂತ್ಕೋ. ಆಮೇಲೆ ಹೇಳ್ತೀನಿ" ಎಂದರು. ಮೇಷ್ಟ್ರು ನಿವೃತ್ತರಾದರು, ಆಮೇಲೆ ಹೇಳಲೇ ಇಲ್ಲ. ತೊಮೊಹಾರು ಹಿಂದೆಯೇ ನಿಂತ.

ಕಾಲೇಜು ಮುಗಿಸಿದಾಗ ದೊಡ್ಡ ತಂಡಗಳು ಯಾವುವೂ ಕರೆಯಲಿಲ್ಲ, ಉರಾನೋಹಾಮಾ ಕರೆಯಿತು. ಆಗ ಅದು ಸುತ್ತಮುತ್ತಲ ಜಿಲ್ಲೆಗಳ ಲೀಗ್‌ನಲ್ಲಿ ಒದ್ದಾಡುತ್ತಿದ್ದ ತಂಡ. ಬೆಳಿಗ್ಗೆ ಆಟಗಾರರೆಲ್ಲ ಹಾರುಮೀನನ್ನು ಅರೆದು ಕೋಲಿಗೆ ಮೆತ್ತಿ ಸುಡುವ ಕಾರ್ಖಾನೆಯಲ್ಲಿ ಕೆಲಸ ಮಾಡಬೇಕು, ಮಧ್ಯಾಹ್ನ ಅದರ ಹಿಂದಿನ ಬಯಲಿನಲ್ಲಿ ಚೆಂಡು ಒದೆಯಬೇಕು. ಎದುರಾಳಿಗಳು ಇವರ ಹತ್ತಿರ ಬರಲು ಹಿಂದೆಮುಂದೆ ನೋಡುತ್ತಿದ್ದರೆಂದರೆ ಅದರಲ್ಲಿ ಅರ್ಧ ಪಾಲು ಆ ಮೀನಿನ ವಾಸನೆಯದು. ಆ ಕಾರ್ಖಾನೆಯಲ್ಲಿ ತಟ್ಟೆ ಹೊತ್ತು ಓಡಾಡುತ್ತಿದ್ದ ಚಿಝುರು ಎಂಬ ಹುಡುಗಿ ಅವನೊಡನೆ ಆಡಿದ ಮೊದಲ ಮಾತು: "ಮೈದಾನದಲ್ಲಿ ಅಡ್ಡ ನಿಲ್ಲೋದು ಸಾಲ್ದು ಅಂತ ಇಲ್ಲೂ ಅಡ್ಡ ನಿಂತಿದ್ದೀರಾ? ಸ್ವಲ್ಪ ಸರೀರಿ." ಅವನು ಸರಿದ. ಮುಂದಿನ ವರ್ಷ ಅವರ ಮದುವೆಯಾಯಿತು.

ತಂಡ ದೇಶದ ಮೂರನೇ ದರ್ಜೆಗೆ ಏರಿದಾಗ ಊರಿಗೆ ಊರೇ ಹುಚ್ಚೆದ್ದಿತು. ಮೀನು ಸುಡುವ ಕೆಲಸ ತಪ್ಪಿತು. ತೊಮೊಹಾರು ಈಗ ಚೆಂಡನ್ನೇ ನಂಬಿದ ಪಕ್ಕಾ ವೃತ್ತಿಯ ಆಟಗಾರ. ಅಲ್ಲಿಂದ ಮುಂದಿನದು ಹೇಳುವುದಕ್ಕೆ ಏನೂ ಇಲ್ಲದಂಥ ಕಥೆ, ಡಿಫೆಂಡರ್ ಒಬ್ಬನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅವನೆದುರು ಆಡಿದ ಫಾರ್ವರ್ಡ್‌ಗಳು ಬೇಸರ ಹಿಡಿದು, ಬಸ್ಸು ತಪ್ಪಿಸಿಕೊಂಡವರ ಮುಖ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಮೂಗು ಎರಡು ಸಲ ಮುರಿಯಿತು. ಎರಡನೇ ಸಲದ ಏಟಿಗೆ ಮೊದಲನೇ ಸಲದ ಸೊಟ್ಟ ಸರಿಹೋಯಿತೆಂದು ಚಿಝುರು ಸಮಾಧಾನ ಹೇಳಿದಳು. ಒಮ್ಮೆ ಕಾರ್ನರ್ ಚೆಂಡನ್ನು ಹೊರಗೆ ಹಾಕಲು ಹೋಗಿ ತಲೆಯಿಂದ ತನ್ನದೇ ಗೋಲಿಗೆ ಎಂಥಾ ಚೆಂದವಾಗಿ ತೂರಿದನೆಂದರೆ, ಎದುರು ತಂಡದ ಅಭಿಮಾನಿಗಳು ಅವನ ಹೆಸರು ಸೇರಿಸಿ ಹಾಡಿಬಿಟ್ಟರು. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಹಾಗಾದರೆ ತನ್ನವರೇ ಯಾಕೆ ಹಾಡು ಕಟ್ಟಲಿಲ್ಲ? ಕೇಳಿರಲಿಲ್ಲವೆಂದಲ್ಲ. ಅಭಿಮಾನಿಗಳ ಮುಖಂಡ ಮೊರಿವಾಕಿ, ಪೇಟೆಯಲ್ಲಿ ಸೋಯಾ ರುಬ್ಬಿ ಪನೀರಿನಂಥ ತೋಫು ಮಾಡಿ ಮಾರುವ ಅಂಗಡಿ ಇಟ್ಟವರು. ಡೋಲೂ ಅವರದೇ, ಹಾಡು ಕಟ್ಟುವ ಕೆಲಸವೂ ಅವರದೇ, ಗಂಟಲಂತೂ ಬಂದರಿನ ಹಡಗುಗಳಿಗೂ ಕೇಳಿಸುವಂಥದ್ದು. ಹೊಸ ಆಟಗಾರ ಒಂದು ವರ್ಷ ಮುಗಿಸಿದ ಮೇಲೆ ಮೊರಿವಾಕಿ ಒಂದು ಡಬ್ಬಿ ತೋಫು ಹಿಡಿದು ಅವನ ಬಳಿ ಹೋಗಿ, "ನಿನಗೊಂದು ಹಾಡು ಕಟ್ಟೋಣ ಅಂತಿದ್ದೀವಿ, ಆಗಬಹುದಾ?" ಎಂದು ಕೇಳುವುದು ವಾಡಿಕೆ. ತೊಮೊಹಾರುವನ್ನೂ ಕೇಳಿದರು. ಅವನು ಸೊಂಟದವರೆಗೆ ಬಗ್ಗಿ, ಎರಡೂ ಕೈ ಆಡಿಸಿ, "ಅಯ್ಯೋ, ಬೇಡ ಬೇಡ, ನನಗೆಲ್ಲಿಯ ಹಾಡು" ಎಂದು ಇನ್ನೂ ಏನೇನೋ ವಿನಯದ ಮಾತು ಸೇರಿಸಿದ.

ಒಳ್ಳೆಯ ಮನೆಯಲ್ಲಿ ಬೆಳೆದ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರು. ಮೊದಲ ಸಲ ಕೊಟ್ಟದ್ದಕ್ಕೆ ಕೈಚಾಚುವವನು ಮನುಷ್ಯನೇ ಅಲ್ಲ ಎಂದು ಅವನ ಅಮ್ಮ ತಲೆಗೆ ತುಂಬಿದ್ದಳು. ಮೊದಲ ಸಲ ಬೇಡ, ಎರಡನೇ ಸಲವೂ ಬೇಡ, ಮೂರನೇ ಸಲಕ್ಕೆ 'ಇಷ್ಟೊಂದು ಹೇಳ್ತಿದ್ದೀರಲ್ಲ' ಎಂದು ತಲೆ ಬಗ್ಗಿಸಿ ತೆಗೆದುಕೊಳ್ಳಬೇಕು. ಆ ದಿನದ ತೋಫು ಡಬ್ಬಿಯನ್ನೂ ಅವನು ಹಾಗೆಯೇ ಮೂರನೇ ಸಲಕ್ಕೆ ತೆಗೆದುಕೊಂಡ. ಹಾಡನ್ನು ಮಾತ್ರ ಮೊರಿವಾಕಿ ಎರಡನೇ ಸಲ ಕೇಳಲೇ ಇಲ್ಲ. "ಹಾಗಾ? ಸರಿ" ಎಂದು ಹೊರಟುಹೋದರು. ಎರಡನೇ ಸಲ ಇವತ್ತು ಕೇಳಿಯಾರು, ನಾಳೆ ಕೇಳಿಯಾರು ಎಂದು ತೊಮೊಹಾರು ಕಾದ. ಕಾಯುವುದು ಅವನಿಗೆ ಹೊಸದಲ್ಲವಲ್ಲ, ಹನ್ನೆರಡು ವರ್ಷ ಕಾದ.

ಈ ವರ್ಷ ರಿಕುಟೊ ಬಂದ. ಹತ್ತೊಂಬತ್ತರ ಹುಡುಗ, ಕುದುರೆಯಂಥ ಓಟ. ಬಂದವನೇ ತೊಮೊಹಾರುವಿನ ಜಾಗದಲ್ಲಿ ನಿಂತ, ತೊಮೊಹಾರು ಬೆಂಚಿಗೆ ಸರಿದ. ಮೂರನೇ ಪಂದ್ಯದಲ್ಲಿ ಕಾರ್ನರ್ ಚೆಂಡು ರಿಕುಟೊನ ಮಂಡಿಗೆ, ಅವನಿಗೂ ಗೊತ್ತಾಗದಂತೆ, ಬಡಿದು ಗೋಲಿನೊಳಗೆ ಹೋಯಿತು. ಮೊರಿವಾಕಿ ವರ್ಷ ತುಂಬುವುದಕ್ಕೂ ಕಾಯದೆ ತೋಫು ಹಿಡಿದು ಬಂದರು. "ಹಾಡು ಬೇಕಾ?" "ಬೇಕು ಬೇಕು!" ಈಗಿನ ಹುಡುಗರು! ಮುಂದಿನ ಪಂದ್ಯಕ್ಕೆ ಹಾಡು ತಯಾರು.

ಒಂದು ದಿನ ಬಸ್ಸಿನಲ್ಲಿ ಆ ಹುಡುಗ, ಯಾವ ಕೆಟ್ಟ ಬುದ್ಧಿಯೂ ಇಲ್ಲದೆ, ಸೀಟಿನ ಮೇಲಿಂದ ಬಗ್ಗಿ ಕೇಳಿದ: "ಇನಾಗಾಕಿ ಸಾನ್, ನಿಮ್ಮ ಹಾಡು ಯಾವ್ದು? ನಾನು ಕೇಳೇ ಇಲ್ವಲ್ಲ."

ಗೋಲ್‌ಕೀಪರ್ ಕಿಟಕಿಯಾಚೆಯ ಗದ್ದೆಗಳನ್ನು ಜನ್ಮದಲ್ಲಿ ನೋಡಿಲ್ಲವೆಂಬಂತೆ ನೋಡತೊಡಗಿದ.

"ನಾನು ಹಿಂದೆ ನಿಲ್ಲೋನಲ್ವೇನೋ," ಎಂದ ತೊಮೊಹಾರು. "ಗಲಾಟೇಲಿ ನಿಂಗೆ ಕೇಳಿಸಿರಲ್ಲ."

ನವೆಂಬರಿನಲ್ಲಿ ತಂಡದ ಕಚೇರಿಗೆ ಕರೆದು, ಮುಂದಿನ ವರ್ಷಕ್ಕೆ ಒಪ್ಪಂದವಿಲ್ಲವೆಂದು ತಿಳಿಸಿದರು. ಹೇಳಿದವರು ಬಗ್ಗಿದರು, ಕೇಳಿದವನು ಇನ್ನೂ ಕೆಳಗೆ ಬಗ್ಗಿದ. ಮೂವತ್ತೈದಾಗಿತ್ತು, ಕಾಲು ಮಾತು ಕೇಳುತ್ತಿರಲಿಲ್ಲ. ಬೇರೆ ತಂಡ ಹುಡುಕುವ ಆಸೆಯಿರಲಿಲ್ಲ, ಮೀನಿನ ಕಾರ್ಖಾನೆಯವರು ಬಾ ಎಂದಿದ್ದರು. ಅದೆಲ್ಲಕ್ಕೂ ಅವನು ತಯಾರಾಗಿದ್ದ. ತಯಾರಾಗದೆ ಉಳಿದದ್ದು ಒಂದೇ: ಭಾನುವಾರ ತವರು ಮೈದಾನದಲ್ಲಿ ಕೊನೆಯ ಪಂದ್ಯ, ಅದು ಕಳೆದರೆ ಅವನ ಹೆಸರಿನಲ್ಲಿ ಯಾರೂ ಎಂದೂ ಹಾಡುವುದಿಲ್ಲ.

ಈ ಹಾಡಿನ ಆಸೆಯನ್ನು ಹೆಂಡತಿಗೂ ಹೇಳಿರಲಿಲ್ಲ. ಸೋಮವಾರ ಅವನು ಸ್ನಾನದ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು ಗುನುಗುತ್ತಿದ್ದಾಗ ಬಾಗಿಲಾಚೆಯಿಂದ ಅವಳ ದನಿ ಬಂತು: "ರಿಕುಟೊನ ಹಾಡಿಗೆ ನಿಮ್ಮ ಹೆಸರು ಕೂರಲ್ಲ ರೀ. ಒಂದಕ್ಷರ ಜಾಸ್ತಿಯಾಗತ್ತೆ."

ನೀರು ತಣ್ಣಗಾಗುವವರೆಗೆ ಅವನು ಹೊರಗೆ ಬರಲಿಲ್ಲ. ಬಂದಾಗ ಚಿಝುರು ಬಟ್ಟೆ ಮಡಿಸುತ್ತ ಕೂತಿದ್ದಳು.

"ಅಷ್ಟು ಆಸೆಯಿದ್ರೆ ಹೋಗಿ ಕೇಳ್ಬಾರ್ದಾ?"

"ಏನಂತ ಕೇಳ್ಲಿ? ನನಗೆ ಹಾಡು ಕಟ್ಟಿ ಅಂತ ಬಾಯಿಬಿಟ್ಟು ಕೇಳೋದಾ? ಅದಕ್ಕಿಂತ ಬಟ್ಟೆ ಬಿಚ್ಚಿ ಪೇಟೇಲಿ ಓಡ್ತೀನಿ."

"ಹಾಗೆ ಓಡಿದ್ರೆ ಕೇಳೋದೇ ಬೇಡ, ಅವರೇ ಕಟ್ತಾರೆ."

"ತಮಾಷೆಯಲ್ಲ ಕಣೇ."

"ನಾನೂ ತಮಾಷೆ ಮಾಡ್ತಿಲ್ಲ. ಹನ್ನೆರಡು ವರ್ಷ ನಿಮ್ಮ ಮೊಣಕಾಲಿಗೆ ಐಸ್ ಕಟ್ಟಿದೋಳು ನಾನು. ನನಗೂ ಆ ಮೆಟ್ಲ ಮೇಲೆ ನಿಂತು ಒಂದ್ಸಲ ಹಾಡ್ಬೇಕು ಅಂತಿದೆ. ನಿಮಗೋಸ್ಕರ ಬೇಡ, ನನಗೋಸ್ಕರ ಕೇಳಿ." ಅಂದವಳೇ ಬಟ್ಟೆಯ ರಾಶಿಯಲ್ಲಿ ಮುಖ ತಗ್ಗಿಸಿದಳು.

ಮಂಗಳವಾರ ತೋಫು ಅಂಗಡಿಗೆ ಹೋದ. ಮೊರಿವಾಕಿ ಮೊಣಕೈವರೆಗೆ ನೀರಿನ ತೊಟ್ಟಿಯಲ್ಲಿ ಕೈಯಿಟ್ಟು ತೋಫು ಕತ್ತರಿಸುತ್ತಿದ್ದರು. "ಏನು ಇನಾಗಾಕಿ, ಏನು ಬೇಕಾಗಿತ್ತು?" ಎಂದರು. "ಎರಡು ತುಂಡು ತೋಫು," ಎಂದ ತೊಮೊಹಾರು. ಬುಧವಾರ ಹೋದ. "ನಿನ್ನೆದು ಚೆನ್ನಾಗಿತ್ತಾ?" "ಚೆನ್ನಾಗಿತ್ತು ಯಜಮಾನ್ರೇ. ಇನ್ನೂ ನಾಲ್ಕು ಕೊಡಿ. ಕರಿದದ್ದೂ ಕೊಡಿ." ಗುರುವಾರ ಮನೆಯಲ್ಲಿ ಬೆಳಿಗ್ಗೆ ಸಾರಿನಲ್ಲಿ ತೋಫು, ಮಧ್ಯಾಹ್ನ ಶುಂಠಿ ಹಾಕಿದ ತೋಫು, ಸಂಜೆ ಬರೀ ತೋಫು. ಫ್ರಿಜ್ಜಿನ ಬಾಗಿಲು ತೆಗೆದರೆ ಬೆಳ್ಳಗೆ ಮುಖ ತೋರಿಸುತ್ತಿತ್ತು.

"ನಾಳೆ ಹಾಡು ತನ್ನಿ," ಎಂದಳು ಚಿಝುರು. "ಇನ್ನೊಂದು ತುಂಡು ತೋಫು ತಂದ್ರೆ ಬಾಗಿಲು ತೆಗೆಯಲ್ಲ, ನೋಡ್ಕೊಳ್ಳಿ."

ಶುಕ್ರವಾರ ಅಂಗಡಿಯಲ್ಲಿ ಮೊರಿವಾಕಿಯ ಹೆಂಡತಿ ಫುಸಾಎ ಕೂಡ ಇದ್ದರು. ತೊಮೊಹಾರು ಒಳಗೆ ಬಂದು ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಪೆನಾಲ್ಟಿ ಒದೆಯುವವನ ಎದೆಯೂ ಅಷ್ಟು ಬಡಿದುಕೊಳ್ಳಲಿಕ್ಕಿಲ್ಲ.

"ಇವತ್ತೆಷ್ಟು ತುಂಡು?" ಎಂದರು ಮೊರಿವಾಕಿ.

"ತೋಫು ಬೇಡ ಯಜಮಾನ್ರೇ. ನನಗೆ..." ಕಿವಿಯ ತುದಿಯವರೆಗೆ ಕೆಂಪಾದ. "ನನಗೆ ಹಾಡು ಬೇಕು. ಭಾನುವಾರ. ದಯವಿಟ್ಟು." ಎಂದವನೇ ಮುಖ ತೋರಿಸಲಾಗದೆ ಬಗ್ಗಿ ನಿಂತುಬಿಟ್ಟ.

ಆಮೇಲೆ ಕತ್ತಿಯನ್ನು ಹಲಗೆಯ ಮೇಲೆ ಕುಕ್ಕಿದ ಸದ್ದು.

"ಹದಿಮೂರು ವರ್ಷ!" ಎಂದು ಗುಡುಗಿದರು ಮೊರಿವಾಕಿ. "ಹದಿಮೂರು ವರ್ಷ ಬೇಕಾಯ್ತೇನೋ ನಿಂಗೆ ಬಾಯಿ ಬಿಡೋದಕ್ಕೆ? ನನ್ನ ಮಂಡಿ ಹೋಯ್ತು, ಡೋಲಿನ ಚರ್ಮ ಮೂರು ಸಲ ಬದಲಾಯ್ತು, ಎದುರುಮನೆ ಅಜ್ಜ ಸತ್ತೇ ಹೋದ, ನೀನು ಈಗ ಬರ್ತೀಯ!"

ತೊಮೊಹಾರುವಿಗೂ ಸಿಟ್ಟು ಬಂತು. "ನೀವು ಎರಡನೇ ಸಲ ಕೇಳ್ಲೇ ಇಲ್ವಲ್ಲ!"

"ಎರಡನೇ ಸಲ ಯಾಕೆ ಕೇಳ್ಬೇಕಾಗಿತ್ತು? ನೀನೇ ಹೇಳಿದ್ದೆ, 'ನಾನಿನ್ನೂ ತಕ್ಕವನಲ್ಲ, ತಕ್ಕವನಾದ ದಿನ ನಾನೇ ಬಂದು ಕೇಳ್ತೀನಿ' ಅಂತ."

"ಅದು... ಅದು ಎಲ್ರೂ ಹೇಳೋ ಮಾತಲ್ವಾ!"

"ತೋಫು ಬೇಡ ಅಂದ್ರೆ ಮೂರು ಸಲ ಕೇಳ್ತೀನಿ ಕಣಯ್ಯಾ. ತೋಫು ತಿಂದ್ರೆ ಅರಗತ್ತೆ. ಹಾಡು ಹಾಗಲ್ಲ. ನಿನಗಿಂತ ಮುಂಚೆ ಒಬ್ಬ ಕೀಪರ್ ಇದ್ದ, ಬೇಡ ಬೇಡ ಅಂದ. ಮರ್ಯಾದೆಗೆ ಅಂತಾನೆ ಅಂದ್ಕೊಂಡು ನಾವು ಹಾಡೇಬಿಟ್ವಿ. ಪಾಪ, ಅವನಿಗೆ ನಿಜವಾಗ್ಲೂ ಬೇಡವಾಗಿತ್ತು! ನಾಚಿಕೆಗೆ ಕಿವಿ ಮುಚ್ಕೊಂಡು ನಿಂತ, ಗೋಲಿನ ಮೇಲೆ ಗೋಲು ಬಿಟ್ಟ, ಊರೇ ಬಿಟ್ಟು ಹೋದ. ಆವತ್ತೇ ತೀರ್ಮಾನ ಮಾಡಿದೆ, ಹಾಡಿನ ವಿಷಯದಲ್ಲಿ ಬೇಡ ಅಂದ್ರೆ ಬೇಡ. ಅದರ ಮೇಲೆ ನೀನು ಮಾತು ಬೇರೆ ಕೊಟ್ಟಿದ್ದೆ. ಮಾತು ಕೊಟ್ಟ ಗಂಡಸಿನ ಹತ್ರ ಹೋಗಿ, 'ಏನಪ್ಪಾ, ತಕ್ಕವನಾದೆಯಾ' ಅಂತ ಕೇಳ್ಲಾ? ನಿನ್ನ ಮರ್ಯಾದೆ ಏನಾಗ್ಬೇಕು?"

ಫುಸಾಎ ಕೈ ಒರೆಸಿಕೊಳ್ಳುತ್ತ ನಡುವೆ ಬಂದರು. "ಇಬ್ಬರಿಗೂ ಬುದ್ಧಿಯಿಲ್ಲ. ಕೇಳಪ್ಪಾ ಇನಾಗಾಕಿ, ಹಾಡೇನೂ ಹೊಸದಾಗಿ ಕಟ್ಟೋ ಹಾಗಿಲ್ಲ. ನೀನು ಮೊದಲ್ನೇ ಸಲ ಮೂಗು ಮುರ್ಕೊಂಡೆಯಲ್ಲ, ಅದೇ ವಾರ ಕಟ್ಟಿ ಇಟ್ಟಿದ್ದಾರೆ. ದಿನಾ ಸೋಯಾ ರುಬ್ಬುವಾಗ ಅದನ್ನೇ ಹೇಳ್ತಾರೆ, ನನಗೆ ಕೇಳಿ ಕೇಳಿ ಸಾಕಾಗಿದೆ. ಈ ಬೀದಿಯೋರಿಗೆಲ್ಲ ಬಾಯಿಪಾಠ. ನೀನು ಬಂದ್ರೆ ಮಾತ್ರ ಎಲ್ರೂ ಬಾಯಿ ಮುಚ್ಕೋತಾರೆ."

"ಏಯ್, ನಿನಗ್ಯಾರೇ ಹೇಳು ಅಂದಿದ್ದು?" ಎಂದು ಮೊರಿವಾಕಿ ರೇಗಿದರು.

ತೊಮೊಹಾರು ಒಂದು ಹೆಜ್ಜೆ ಮುಂದೆ ಬಂದ. "ಹೇಗಿದೆ ಯಜಮಾನ್ರೇ, ಒಂದು ಸಾಲು..."

"ಉಹೂಂ. ಭಾನುವಾರ ಕೇಳು. ಹೋಗು, ಹೋಗು." ಹಾಗೆಂದವರೇ ತೊಟ್ಟಿಯ ಕಡೆ ತಿರುಗಿ, ತಣ್ಣೀರಿನ ಕೈಯಿಂದಲೇ ಮುಖ ಒರೆಸಿಕೊಂಡರು.

ಭಾನುವಾರ ಬೂದಿ ಬಣ್ಣದ ಆಕಾಶ, ಜಿನುಗು ಮಳೆ. ಏಡಿ ಹಿಡಿಯುವ ಕಾಲ ಶುರುವಾಗಿತ್ತು, ಹಾಗಾಗಿ ಊರಿನ ಅರ್ಧ ಗಂಡಸರು ಸಮುದ್ರದ ಮೇಲಿದ್ದರು. ಉಳಿದವರು ಮಳೆಯಂಗಿ ತೊಟ್ಟು ಗೋಲಿನ ಹಿಂದೆ ನಿಂತಿದ್ದರು. ಅವರ ನಡುವೆ ಚಿಝುರು. ಅಂಕಪಟ್ಟಿಯಲ್ಲಿ ತಂಡ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಗೆದ್ದರೂ ಸೋತರೂ ಏನೂ ಬದಲಾಗದ ಪಂದ್ಯ. ತೊಮೊಹಾರು ಬೆಂಚಿನ ಮೇಲಿದ್ದ. ಅಲ್ಲೊಂದು ಫಜೀತಿಯಿತ್ತು: ಆಟಗಾರ ಮೈದಾನಕ್ಕೆ ಇಳಿಯದೆ ಅವನ ಹಾಡು ಹಾಡುವಂತಿಲ್ಲ, ಕೋಚ್ ಅವನನ್ನು ಇಳಿಸುವ ಲಕ್ಷಣವಿಲ್ಲ.

ಮೊದಲ ಅರ್ಧ ಮುಗಿಯಿತು. ಎರಡನೇ ಅರ್ಧದಲ್ಲಿ ಉರಾನೋಹಾಮಾ ಒಂದು ಗೋಲು ಹೊಡೆಯಿತು. ತೊಮೊಹಾರು ಗೆರೆಯ ಪಕ್ಕ ಓಡಿ ಮೈ ಬಿಸಿ ಮಾಡಿಕೊಂಡ, ಕೂತ, ಮತ್ತೆ ಓಡಿದ. ಕೋಚ್ ಅವನತ್ತ ನೋಡುವುದಿಲ್ಲ. ಇನ್ನೇನು ಆಟ ಮುಗಿಯಬೇಕು, ಆಗ ರಿಕುಟೊ ಕಾಲು ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಿದ. ಸ್ನಾಯು ಸೆಳೆತ. ಅದು ನಿಜವಾದ ಸೆಳೆತವೋ, ಬೀದಿಯ ಸುದ್ದಿ ಆ ಹುಡುಗನ ಕಿವಿಗೂ ಬಿದ್ದಿತ್ತೋ, ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಕುಂಟುತ್ತ ಹೊರಬಂದು ತೊಮೊಹಾರುವಿನ ಕೈ ತಟ್ಟಿ, "ಬೇಗ ಹೋಗಿ ಇನಾಗಾಕಿ ಸಾನ್, ಕಾಯ್ತಿದ್ದಾರೆ" ಎಂದ.

ತೊಮೊಹಾರು ಒಳಗೆ ಓಡಿ ತನ್ನ ಜಾಗದಲ್ಲಿ ನಿಂತ. ಗೋಲಿನ ಹಿಂದೆ ಡೋಲು ಬಡಿಯಿತು. ಮೂರಕ್ಕೆ ನಿಲ್ಲಲಿಲ್ಲ.

"ಬಾಗಿಲು ಹಾಕಿದೆ, ಅಗುಳಿ ಬಿದ್ದಿದೆ,
ಕೀಪರಣ್ಣ ಮಲಗೋ!
ಇನಾಗಾಕಿ ಇದ್ದಾನೆ ಮುಂದೆ,
ಬೆಳಗಾದ್ಮೇಲೆ ಏಳೋ!"

ಮುದುಕಿಯರಿಗೂ ಬರುತ್ತಿತ್ತು. ಕಾರ್ಖಾನೆಯ ಹೆಂಗಸರಿಗೂ ಬರುತ್ತಿತ್ತು. ಕ್ಷೌರದವನಂತೂ ಎರಡೂ ಕೈ ಮೇಲೆತ್ತಿ ಅರಚುತ್ತಿದ್ದ. ನಿನ್ನೆ ಮೊನ್ನೆ ಕಲಿತವರು ಹಾಗೆ ಹಾಡುವುದಿಲ್ಲ. ತನ್ನ ಬೆನ್ನ ಹಿಂದೆ ಇಷ್ಟು ವರ್ಷ ಈ ಊರು ಈ ಹಾಡನ್ನು ಇಟ್ಟುಕೊಂಡಿತ್ತೇ! ತೊಮೊಹಾರುವಿಗೆ ನಗು ಬಂತು, ಮರುಗಳಿಗೆ ಕಣ್ಣು ಮಂಜಾಯಿತು. ಚಿಝುರು ಎಲ್ಲಿದ್ದಾಳೆಂದು ನೋಡಲು ಕತ್ತು ಹೊರಳಿಸಿದ. ಎರಡನೇ ನುಡಿ ಶುರುವಾಗುತ್ತಿತ್ತು.

ಆ ಹೊತ್ತಿಗೆ ಎದುರು ತಂಡದ ಒಂಬತ್ತನೇ ನಂಬರಿನ ಅಂಗಿಯವನು ಅವನ ಪಕ್ಕದಿಂದಲೇ ದಾಟಿ ಹೋದ. ತೊಮೊಹಾರು ತಿರುಗುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.

ಹಾಡು ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಸೀಟಿಯೂ ಮೊಳಗಿತು, ಒಂದಕ್ಕೊಂದು, ಪಂದ್ಯ ಸಮ. ಹದಿಮೂರು ವರ್ಷದಲ್ಲಿ ಹಾಗೆ ಮೈಮರೆತು ನಿಂತದ್ದು ಅದೊಂದೇ ಸಲ. ಗೋಲ್‌ಕೀಪರ್ ಹತ್ತಿರ ಬಂದು ಭುಜಕ್ಕೆ ಗುದ್ದಿದ. "ಹಾಡಲ್ಲಿ ಮಲಗೋ ಅಂದ್ರು ಸರಿ, ನೀನ್ಯಾಕಪ್ಪಾ ಮಲಗಿದೆ?"

ಆಟಗಾರರು ವಾಡಿಕೆಯಂತೆ ಗೋಲಿನ ಹಿಂದೆ ಹೋಗಿ ಸಾಲಾಗಿ ನಿಂತು ಅಭಿಮಾನಿಗಳಿಗೆ ಬಗ್ಗಿದರು. ಎಲ್ಲರೂ ತಲೆಯೆತ್ತಿದರು, ತೊಮೊಹಾರು ಎತ್ತಲಿಲ್ಲ. ಮಳೆಯ ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಬಗ್ಗಿದಲ್ಲಿಂದಲೇ, "ಯಜಮಾನ್ರೇ, ತಪ್ಪಾಯ್ತು. ನನ್ನಿಂದ ಗೆಲುವು ಹೋಯ್ತು" ಎಂದ.

"ಹೌದು, ಹೋಯ್ತು!" ಮೊರಿವಾಕಿ ಕೈಮೈಕಿನಲ್ಲೇ ಬೈದರು, ಬಂದರಿನವರೆಗೂ ಕೇಳಿಸಿರಬೇಕು. "ನಿನಗೆ ಮೊದಲೇ ಹಾಡಿದ್ರೆ ನಾವು ಮೂರನೇ ದರ್ಜೆಗೂ ಬರ್ತಿರಲಿಲ್ಲ!" ಮೆಟ್ಟಿಲುಗಳ ಮೇಲೆ ನಗು ಉಕ್ಕಿತು. ನಗು ಇಳಿದಾಗ ಅವರ ದನಿಯೂ ಇಳಿದಿತ್ತು. "ಎರಡನೇ ನುಡಿ ಉಳಿದುಹೋಯ್ತಲ್ಲೋ. ಮೊದಲಿಂದ ಹಾಡೋಣ್ವಾ?"

ತೊಮೊಹಾರು ತಲೆಯೆತ್ತಿದ. "ಹಾಡಿ," ಎಂದ. "ಪೂರ್ತಿ ಹಾಡಿ."

ಡೋಲು ಶುರುವಾಯಿತು. ಬಾಗಿಲು ಹಾಕಿತು, ಅಗುಳಿ ಬಿತ್ತು, ಕೀಪರಣ್ಣ ಮಲಗಿದ. ಆಮೇಲೆ ಅವನು ಕೇಳದೇ ಹೋಗಿದ್ದ ನುಡಿ ಬಂತು.

"ಎಲ್ಲಿಂದ ಬಂದ, ಯಾರ ಮಗ, ಕೇಳ್ಬೇಡಿ ಯಾರೂನೂ!
ಮೂಗು ಮುರಿದ್ರೂ ದಾರಿ ಬಿಡದ ಇನಾಗಾಕಿ ನಮ್ಮೋನು!"

ಮೂರನೇ ಸಾಲಿನ ಮಳೆಯಂಗಿಗಳ ನಡುವೆ ಚಿಝುರು ಎಲ್ಲರಿಗಿಂತ ಅರ್ಧ ತಾಳ ಮುಂದಾಗಿ, ಶ್ರುತಿ ತಪ್ಪಿ, ಕಿರುಚಿಕೊಂಡು ಹಾಡುತ್ತಿದ್ದಳು. ತೊಮೊಹಾರು ಕೈ ಇಳಿಬಿಟ್ಟುಕೊಂಡು ನಿಂತು ಮೊದಲಿಂದ ಕೊನೆಯವರೆಗೆ ಕೇಳಿದ. ಈ ಸಲ ಅವನು ಯಾರನ್ನೂ ಕಾಯಬೇಕಾಗಿರಲಿಲ್ಲ.